ಎಂಟು ವರ್ಷ ಸಾಕು ಅಂದಿದ್ದೆ

ಕಾಗದ ಎಸೆದ ಮರುವಾರವೇ ಅದು ಬೇಕಾಗುವುದು ಮುಂಬಯಿಯಲ್ಲಿ ತಪ್ಪದೆ ನಡೆಯುವ ಸಂಗತಿ. ಲೋಕಲ್ ರೈಲಾದರೂ ಒಮ್ಮೊಮ್ಮೆ ತಪ್ಪೀತು, ಇದು ತಪ್ಪುವುದಿಲ್ಲ. ನಾನು ಫೋರ್ಟಿನ ಒಂದು ಕಂಪನಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತನಾಗಿದ್ದೆ. ಯಾವ ಕಾಗದ ಇಡಬೇಕು, ಯಾವುದನ್ನು ಹರಿಯಬೇಕು ಎಂದು ಹೇಳುವುದೇ ನನ್ನ ಕೆಲಸ. ಹಾಗಾಗಿ ವಡಾಲದ ನಮ್ಮ ಕಾಲೊನಿಯ ಕನ್ನಡಿಗರೆಲ್ಲ ಮನೆಯ ಬಿಲ್ಲುಗಳ ವಿಷಯಕ್ಕೆ ನನ್ನನ್ನೇ ಹಿಡಿಯುತ್ತಿದ್ದರು. "ಎಂಟು ವರ್ಷ ಸಾಕು" ಎನ್ನುತ್ತಿದ್ದೆ. ಎಂಟು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಕೊನೆಗೆ ಆ ಮಾತಿನಿಂದಲೇ ನನ್ನ ಅಕ್ಕನ ಬಾಡಿಗೆ ಖೋಲಿ ಕೈತಪ್ಪಿ ಹೋಗುತ್ತದೆಂದು ಎರಡು ತಿಂಗಳು ನಿದ್ದೆಗೆಟ್ಟೆ. ನಗುವ ವಿಷಯವಲ್ಲ. ಆದರೂ ನಡುನಡುವೆ ನಗು ಬಂತು, ಏನು ಮಾಡುವುದು.

೧. ತಂತಿ

ಅಕ್ಕ, ಭಾವ ಇದ್ದದ್ದು ಕುರ್ಲಾದ ಒಂದು ಚಾಳಿನಲ್ಲಿ, ಒಂದೇ ಖೋಲಿ. ಭಾವ ಮಿಲ್ಲಿನಲ್ಲಿ ಗುಮಾಸ್ತರು. ಬಾಡಿಗೆ ರಸೀದಿ, ಲೈಟ್ ಬಿಲ್ಲು ಯಾವುದೇ ಬರಲಿ, ಊರಲ್ಲಿ ಮಾಡುತ್ತಿದ್ದ ಹಾಗೆ ಕೊಕ್ಕೆ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕುತ್ತಿದ್ದರು. ಒಮ್ಮೆ ಲೈಟ್ ಕಂಪನಿಯವನು ಬಿಲ್ ಕಟ್ಟಿಲ್ಲವೆಂದು ಕನೆಕ್ಷನ್ ಕೀಳಲು ಬಂದ. ಭಾವ ತಂತಿ ಇಳಿಸಿ ಒಂದೊಂದೇ ಕಾಗದ ಬಿಡಿಸತೊಡಗಿದರು. ಅವನು ಎರಡು ಚಹಾ ಕುಡಿದ ಮೇಲೆ ಬಿಲ್ಲು ಸಿಕ್ಕಿತು. ಹಣ ಕಟ್ಟಿದ ತಾರೀಖು ಇರಬೇಕಾದ ಕಡೆ ದುಂಡಗೆ ಒಂದು ತೂತು!

"ತಾರೀಖು ಎಲ್ಲಿ ಸಾಬ್?" ಎಂದ.

ಭಾವ ಗೋಡೆಯ ಮೊಳೆ ತೋರಿಸಿ, "ಅಲ್ಲಿಗೆ ಹೋಯ್ತು" ಅಂದರು.

೨. ಎಂಟು ವರ್ಷ

ಮಿಲ್ ಮುಚ್ಚಿದ ಮೇಲೆ ಭಾವ ಬಹಳ ದಿನ ಉಳಿಯಲಿಲ್ಲ. ಕೆಮ್ಮಿ ಕೆಮ್ಮಿ ಹೋದರು. ಹದಿಮೂರನೇ ದಿನ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಕ್ಕನಿಗೆ ಏನು ಹೇಳಬೇಕೆಂದು ತೋಚದೆ ಗೋಡೆಯ ಐದು ತಂತಿಗಳನ್ನೂ ಇಳಿಸಿದೆ. ದುಃಖಕ್ಕೆ ನನಗೆ ಗೊತ್ತಿದ್ದ ಮದ್ದು ಅದೊಂದೇ, ಆಫೀಸ್ ಕೆಲಸ.

"ಎಂಟು ವರ್ಷದ್ದು ಇಟ್ಕೋ, ಉಳಿದಿದ್ದು ರದ್ದಿಗೆ ಹಾಕು" ಅಂದೆ.

ಮುಂದಿನ ಭಾನುವಾರ ಹೋದಾಗ "ಹಾಕಿದ್ಯಾ?" ಎಂದು ಕೇಳಿದೆ.

"ಹೂಂ ಕಣೋ, ಹಾಕ್ದೆ" ಅಂದಳು. ಒಳ್ಳೆ ರೇಟು ಸಿಕ್ಕಿತೇ ಎಂದೂ ವಿಚಾರಿಸಿದೆ. ನನ್ನಂಥ ತಮ್ಮ ಯಾರಿಗೂ ಬೇಡ.

೩. ಪ್ಲಾಸ್ಟಿಕ್

ಉಳಿದ ಕಾಗದಗಳಾದರೂ ಗಟ್ಟಿಯಾಗಿರಲಿ ಎಂದು, ಸ್ಟೇಷನ್ ಎದುರು ಹೊಸದಾಗಿ ಬಂದಿದ್ದ ಲ್ಯಾಮಿನೇಶನ್ ಅಂಗಡಿಗೆ ಅಕ್ಕನನ್ನು ಕಳಿಸಿದೆ. ಅವಳು ಭಾವನ ಫಿಕ್ಸೆಡ್ ಡಿಪಾಸಿಟ್ ರಸೀದಿಗೇ ಪ್ಲಾಸ್ಟಿಕ್ ಹಾಕಿಸಿದಳು. ಅವಧಿ ಮುಗಿದಾಗ ಬ್ಯಾಂಕಿನವನು "ಹಿಂಭಾಗಕ್ಕೆ ರೆವೆನ್ಯೂ ಸ್ಟಾಂಪ್ ಅಂಟಿಸಿ ಸಹಿ ಮಾಡಿ" ಅಂದ. ಸ್ಟಾಂಪ್ ನಿಲ್ಲಲೊಲ್ಲದು, ಪೆನ್ನು ಜಾರುತ್ತದೆ. ಬ್ಲೇಡಿನಿಂದ ಪ್ಲಾಸ್ಟಿಕ್ ಎಬ್ಬಿಸಿದರೆ ಅಕ್ಷರವೂ ಅದರ ಜೊತೆಗೇ ಎದ್ದು ಬಂತು. ಮೂರು ತಿಂಗಳು ಓಡಾಡಿದ ಮೇಲೆ ಸ್ಟಾಂಪ್ ಪೇಪರಿನ ಮೇಲೆ ಒಂದು ಬಾಂಡ್ ಬರೆಸಿಕೊಂಡು ದುಡ್ಡು ಕೊಟ್ಟರು.

"ಬಾಂಡಿನ ನಿಮ್ಮ ಪ್ರತಿ ಜೋಪಾನ ಅಮ್ಮಾ" ಅಂದ ಬ್ಯಾಂಕಿನವನು.

ಅಕ್ಕ ನನ್ನ ಕಡೆ ತಿರುಗಿ, "ಇದಕ್ಕೂ ಪ್ಲಾಸ್ಟಿಕ್ ಹಾಕಿಸ್ಲೇನೋ?" ಅಂದಳು.

೪. ಫ್ಲಾಪಿ

ಅಷ್ಟರಲ್ಲಿ ನಮ್ಮ ಆಫೀಸಿಗೆ ಕಂಪ್ಯೂಟರ್ ಬಂತು. ಇನ್ನು ಕಾಗದದ ಹಂಗೇ ಬೇಡವೆಂದು ಊಟದ ಹೊತ್ತಿನಲ್ಲಿ ಕೂತು ಅಕ್ಕನ ವಿಮೆ, ಬ್ಯಾಂಕು, ಲೈಟು ಎಲ್ಲದರ ವಿವರ ಟೈಪ್ ಮಾಡಿದೆ. ಎರಡು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಡಬೇಕು, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ ಎಂದು ಆಪರೇಟರ್ ಹೇಳಿದ್ದ. ಒಂದು ಫ್ಲಾಪಿ ಕುರ್ಲಾದಲ್ಲಿ, ಇನ್ನೊಂದು ವಡಾಲದಲ್ಲಿ. ಎಂಥ ಬಂದೋಬಸ್ತು!

ದಸರಾ ಕಳೆದು ನೋಡುತ್ತೇನೆ, ಅಕ್ಕನ ಫ್ಲಾಪಿಯ ಸೀಳಿನೊಳಗೆ ಅರಿಶಿನ ಕುಂಕುಮ. "ಅದಕ್ಕೇ ಜಾಗ ಬಿಟ್ಟಿದ್ದಾರೆ ಅಂದ್ಕೊಂಡೆ" ಅಂದಳು. ನಗುತ್ತಾ ಮನೆಗೆ ಬಂದು ನನ್ನ ಪ್ರತಿ ತೆಗೆದೆ. ನನ್ನ ಹೆಂಡತಿ ಗಂಧವನ್ನೂ ಇಟ್ಟಿದ್ದಳು. ಜಾಗ ಬೇರೆ ಮಾಡಬಹುದು, ಆಯುಧಪೂಜೆ ಎರಡು ಮನೆಗೂ ಒಂದೇ ದಿನ.

೫. ರಸೀದಿ

ಆಮೇಲೆ ಚಾಳಿನ ಮಾಲೀಕನ ನೋಟೀಸ್ ಬಂತು. ಖೋಲಿ ನಿಮ್ಮ ಗಂಡನಿಗೆ ಬಾಡಿಗೆಗೆ ಕೊಟ್ಟದ್ದೇ ಅಲ್ಲ, ಕೊಟ್ಟಿದ್ದರೆ ಮೊದಲಿನಿಂದ ರಸೀದಿ ತೋರಿಸಿ, ಇಲ್ಲವೇ ಖಾಲಿ ಮಾಡಿ. ಇಂಗ್ಲಿಷಿನಲ್ಲಿದ್ದ ಅದನ್ನು ಅಕ್ಕ ಓದಲು ನನ್ನ ಕೈಗೆ ಕೊಟ್ಟಳು, ಏನಿದೆಯೆಂದು ನಾನು ಅವಳಿಗೆ ಹೇಳಲಿಲ್ಲ. ಎರಡು ತಿಂಗಳು ಕುರ್ಲಾದ ರದ್ದಿ ಅಂಗಡಿಗಳನ್ನೆಲ್ಲ ಸುತ್ತಿದೆ. ಶೇಂಗಾ ಪೊಟ್ಟಣ ಬಿಚ್ಚಿ ಬಿಚ್ಚಿ ಓದಿದೆ. ಕೊನೆಗೆ ಅಕ್ಕನ ಮುಂದೆ ಕೂತು ಎಲ್ಲ ಹೇಳಿ ಅತ್ತುಬಿಟ್ಟೆ, "ನಿನ್ನನ್ನ ಬೀದಿಗೆ ತಂದೆ ಕಣೇ."

ಅಕ್ಕ ಎದ್ದು ಅಕ್ಕಿ ಡಬ್ಬದ ಹಿಂದಿನಿಂದ ಒಂದು ಗಂಟು ತೆಗೆದಳು. ಒಂದೂ ಬಿಡದೆ ಎಲ್ಲ ರಸೀದಿ.

"ರದ್ದಿಗೆ ಹಾಕ್ದೆ ಅಂದ್ಯಲ್ಲೇ!"

"ಅವರ ಕೈ ಬರಹ ಇದೆ ಅದರ ಹಿಂದೆ. ಹ್ಯಾಗೆ ಹಾಕ್ಲಿ? ನೀನು ಬೇಜಾರು ಮಾಡ್ಕೋತೀಯ ಅಂತ ಹಾಗಂದೆ."

ಗಂಟು ಹೊತ್ತು ಇಬ್ಬರೂ ಮಾಲೀಕನ ಆಫೀಸಿಗೆ ಹೋದೆವು. ಅವನು ಒಂದೊಂದೇ ರಸೀದಿ ತಿರುಗಿಸಿ ನೋಡಿದ. ಆಮೇಲೆ ಬಾಗಿಲು ಹಾಕಿ ಚಹಾ ತರಿಸಿದ. ಮಾಲೀಕ ಬಾಡಿಗೆದಾರರಿಗೆ ಚಹಾ ತರಿಸಿದರೆ ನನಗೆ ಭಯ.

"ಮೌಶಿ," ಎಂದ ಚಿಕ್ಕಮ್ಮನನ್ನು ಕರೆದಷ್ಟು ಮೆತ್ತಗೆ, "ನನ್ನ ಚಿಕ್ಕಪ್ಪ ಈ ಚಾಳ್ ತನ್ನದು ಅಂತ ಕೋರ್ಟಿಗೆ ಹೋಗಿದ್ದಾನೆ. ಹಿಂದೆ ಬಾಡಿಗೆ ತಗೊಳ್ತಿದ್ದದ್ದು ನಮ್ಮಪ್ಪ ಅನ್ನೋದಕ್ಕೆ ನನ್ನ ಹತ್ತಿರ ಒಂದು ಚೂರು ಕಾಗದ ಇಲ್ಲ. ಇದರಲ್ಲಿ ಅಪ್ಪನ ಸಹಿ ಇದೆ. ನಾಲ್ಕು ರಸೀದಿ ಕೊಡ್ತೀರಾ?"

ಅಕ್ಕ ಯೋಚಿಸಿದಳು. ತನ್ನ ಹರಕು ಹಿಂದಿಯಲ್ಲಿ, "ಕೊಡ್ತೀನಿ. ತಗೊಂಡಿದ್ದಕ್ಕೆ ರಸೀದಿ ಬರೆದುಕೊಡಿ" ಅಂದಳು.

ಅವನು ಖುಷಿಯಿಂದ ಪೆನ್ನು ತೆಗೆದ. "ಏನಂತ ಬರೀಲಿ?"

"ಮೊದಲಿನಿಂದ ಬಾಡಿಗೆಗಿದ್ದ ಇಂಥವರ ಹೆಂಡತಿ, ಈಗಿನ ಬಾಡಿಗೆದಾರಳು, ಇವರಿಂದ ನಾಲ್ಕು ರಸೀದಿ ಪಡೆದೆ ಅಂತ."

ಬರೆದ. ಸಹಿ ಹಾಕಿದ. ರಬ್ಬರ್ ಸಿಕ್ಕೆಯನ್ನೂ ಒತ್ತಿದ. ಒತ್ತುವ ಮೊದಲು ಒಮ್ಮೆ ಓದಿಕೊಂಡಿದ್ದರೆ ಚೆನ್ನಾಗಿತ್ತು, ಆದರೆ ಅಕ್ಕನ ಕೈಗೆ ಕೊಟ್ಟ ಮೇಲೆ ತಾನು ಬರೆದದ್ದೇನೆಂದು ಅವನಿಗೆ ಹೊಳೆಯಿತು. "ಮೌಶಿ, ಒಂದು ನಿಮಿಷ" ಎಂದು ಕೈ ಚಾಚಿದ.

ಅಕ್ಕ ಅದನ್ನಾಗಲೇ ಮಡಿಚಿ ರವಿಕೆಯೊಳಗೆ ಇಟ್ಟಾಗಿತ್ತು.