ಕಣ್ಣಿಗೆ ಕಾಣುವ ಕಾಲು

ಬೆಳಿಗ್ಗೆ ಹೊದಿಕೆಯ ಅಂಚು ಅವಳ ಎಡಪಾದಕ್ಕೆ ತಗುಲಿದ್ದೇ ತಡ, ಕೆಂಡ ಸುರಿದಂತಾಯಿತು. ಗಾಯವಿಲ್ಲ, ಊತವಿಲ್ಲ; ಎರಡು ವರ್ಷದಿಂದ ನರ ಮಾತ್ರ ತನ್ನಷ್ಟಕ್ಕೆ ಉರಿಯುತ್ತದೆ. "ಮಾತ್ರೆ ನಿಧಾನಕ್ಕೆ ಹಿಡಿಯುತ್ತೆ. ಆಗಾಗ ಕೂತ್ಕೊಳ್ಳಿ, ಪಾದಕ್ಕೆ ಏನೂ ಒತ್ತಬಾರದು," ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು.

ಕೂರುವುದೆಲ್ಲಿ? ಅವಳದು ಅಂಗಡಿಯಲ್ಲಿ ಪರದೆ ಬಟ್ಟೆ ಅಳೆದು ಕತ್ತರಿಸುವ ಕೆಲಸ. ಗಿರಾಕಿಗಳೆದುರು ಕೆಲಸದವರು ಕೂರಬಾರದೆಂಬುದು ಮ್ಯಾನೇಜರ ಕಾನೂನು.

ಅವರು ಚೀಟಿ ಓದಿ, ಬಗ್ಗಿ ಪಾದ ನೋಡಿದರು. "ನನ್ನ ಕಾಲಿಗಿಂತ ಚೆನ್ನಾಗಿದ್ಯಲ್ಲಮ್ಮ."

"ಒಳಗೆ ಉರಿಯುತ್ತೆ ಸಾರ್."

"ಒಳಗಿಂದು ಗಿರಾಕಿಗೆ ಕಾಣ್ಸುತ್ತಾ? ಕೂತ್ರೆ ಸೋಮಾರಿ ಅಂತಾರೆ."

ಸೋಮಾರಿಯಂತೆ! ಹದಿನಾಲ್ಕು ವರ್ಷದಲ್ಲಿ ಅವಳು ಅಳೆದ ಬಟ್ಟೆಯಲ್ಲಿ ಇಡೀ ಅಂಗಡಿಯನ್ನು, ಮ್ಯಾನೇಜರ ಸಮೇತ, ಗಂಟು ಕಟ್ಟಿ ಅಟ್ಟಕ್ಕೆ ಎಸೆಯಬಹುದಿತ್ತು.

ಸುದ್ದಿ ಹರಡಿತು. ಗುಂಡಿ ಮಾರುವವಳು ಬಿಸಿನೀರು ಎಂದಳು, ಗುಮಾಸ್ತ ಐಸು ಎಂದ. ಗಲ್ಲಾದ ಅಕ್ಕ ದನಿ ತಗ್ಗಿಸಿದಳು: "ನಮ್ಮ ನಾದಿನಿಗೂ ಹಿಂಗೇ ಇತ್ತು ಕಣೆ. ಯೋಚ್ನೆ ಮಾಡೋದು ಬಿಟ್ಳು, ಹೋಯ್ತು."

"ಅವಳು ಪಾದದಲ್ಲಿ ಯೋಚ್ನೆ ಮಾಡ್ತಿದ್ಳಾ ಅಕ್ಕ?"

ಮಧ್ಯಾಹ್ನದ ಹೊತ್ತಿಗೆ ಪಾದದೊಳಗೆ ಕಾದ ಸೂಜಿಗಳ ಮೆರವಣಿಗೆ. ಕತ್ತರಿ ಸೊಟ್ಟಗೆ ಓಡಿ ಬಟ್ಟೆಯೊಂದು ಹಾಳಾಯಿತು. ಅಂಗಡಿಯ ಮುದುಕ ದರ್ಜಿ ಆ ಚೂರನ್ನೇ ಸುರುಳಿ ಸುತ್ತಿಕೊಂಡು ಬಂದು ಕೆಳಗೆ ಕೂತ.

"ಕಾಲು ಕೊಡಮ್ಮ. ಅವರಿಗೆ ಕಾಣ್ಬೇಕು ತಾನೆ? ಪಟ್ಟಿ ಕಟ್ತೀನಿ."

"ಬಟ್ಟೆ ಸೋಕಿದ್ರೆ ಜೀವ ಹೋಗುತ್ತೆ ತಾತ." ಅವಳು ಒಂದು ಕ್ಷಣ ಯೋಚಿಸಿ ಬಲಗಾಲು ಚಾಚಿದಳು. "ಇದಕ್ಕೆ ಕಟ್ಟಿ. ನೋಡೋರಿಗೆ ಯಾವ ಕಾಲಾದ್ರೇನು?"

ಕುಂಬಳಕಾಯಿ ಗಾತ್ರದ ಪಟ್ಟಿ ಕಂಡು ಮ್ಯಾನೇಜರು ಕರಗಿಹೋದರು. ಬೆಳಿಗ್ಗೆ ತಾವು ನೋಡಿದ್ದು ಯಾವ ಕಾಲೆಂಬ ನೆನಪೂ ಅವರಿಗಿರಲಿಲ್ಲ. "ಛೆ, ಇಷ್ಟೊಂದು ಆಗಿದೆ ಅಂತ ಮೊದಲೇ ಹೇಳ್ಬಾರ್ದಾ?" ಎಂದು ತಮ್ಮ ಮೆತ್ತನೆಯ ಕುರ್ಚಿಯನ್ನೇ ತಳ್ಳಿಕೊಂಡು ಬಂದರು. ನಿಜ ಹೇಳಿದರೆ ನಿಲ್ಲಬೇಕು, ಸುಳ್ಳು ಕಟ್ಟಿಕೊಂಡರೆ ಕೂರಬಹುದು! ಹಲ್ಲು ಕಚ್ಚಿಕೊಂಡೇ ಅವಳು ಕೂತಳು. ಎಡಪಾದ ಗಾಳಿಯಲ್ಲಿ ಹಗುರಾಗಿ ತೂಗಿತು. ಎರಡು ವರ್ಷದಲ್ಲಿ ಅಂಥ ಅರ್ಧ ಗಂಟೆ ಬಂದಿರಲಿಲ್ಲ.

ಅಷ್ಟರಲ್ಲಿ ಹಳೆಯ ಗಿರಾಕಿಯೊಬ್ಬರು ಏದುಸಿರು ಬಿಡುತ್ತ ಬಂದರು. ಅಂಗಡಿಯಲ್ಲಿ ಇದ್ದದ್ದು ಅದೊಂದೇ ಕುರ್ಚಿ. ಮ್ಯಾನೇಜರು ಅವಳ ರಟ್ಟೆ ಹಿಡಿದು ಅಕ್ಕರೆಯಿಂದ ಎಬ್ಬಿಸಿದರು.

"ಸ್ವಲ್ಪ ಹೊತ್ತು ಅಷ್ಟೇ ಅಮ್ಮ. ಆ ಕಾಲು ಮಾತ್ರ ನೆಲಕ್ಕೆ ಊರ್ಬೇಡಿ, ಪಾಪ. ಎಡಗಾಲು ಚೆನ್ನಾಗಿದ್ಯಲ್ಲ, ಪೂರ್ತಿ ಭಾರ ಅದ್ರ ಮೇಲೇ ಹಾಕಿ ನಿಂತ್ಕೊಳ್ಳಿ."