ರಾಕ್ಷಸ ಲಾರಿ ಮತ್ತು ಅಮ್ಮನ ಮಡಿ

ನನಗೆ ವೇಗವೆಂದರೆ ಭಯ. ಇದನ್ನು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ, ಏಕೆಂದರೆ ನನಗೆ ಸಂಬಳ ಬರುವುದೇ ಈ ಭಯಕ್ಕೆ. ಸಂಡೂರಿನ ಒಂದು ಗಣಿಯ ಸುರಕ್ಷತಾ ವಿಭಾಗದಲ್ಲಿ ನನ್ನ ಕೆಲಸ. ಅದಿರು ತುಂಬಿದ ಟಿಪ್ಪರುಗಳನ್ನು ಗುಡ್ಡದಿಂದ ಇಳಿಸುವ ಚಾಲಕರನ್ನು ಎದುರಿಗೆ ಕೂರಿಸಿಕೊಂಡು "ನಿಧಾನ, ನಿಧಾನ" ಎಂದು ವರ್ಷಗಟ್ಟಲೆ ಹೇಳುತ್ತ ಬಂದವನು ನಾನು. ತಿರುವಿಗೆ ಹಾರ್ನ್, ಇಳಿಜಾರಿಗೆ ಸಣ್ಣ ಗೇರ್, ಅನುಮಾನ ಬಂದರೆ ಬ್ರೇಕ್. ಹೇಳಿ ಹೇಳಿ ಆ ಮಾತು ನಾಲಿಗೆಯಿಂದ ಕೈಕಾಲಿಗಿಳಿದು ಇಡೀ ಮೈಗೆ ಹಬ್ಬಿಬಿಟ್ಟಿದೆ. ಹೊಸಪೇಟೆಯ ಬೀದಿಯಲ್ಲಿ ನನ್ನ ಸ್ಕೂಟರನ್ನು ಸೈಕಲ್ಲಿನವರು ಹಿಂದೆ ಹಾಕಿ ಹೋಗುತ್ತಾರೆ. ಒಮ್ಮೆ ಮದುವೆ ಮೆರವಣಿಗೆಯ ಬ್ಯಾಂಡಿನವರು ಬಾರಿಸುತ್ತ ಬಾರಿಸುತ್ತಲೇ ನನ್ನನ್ನು ದಾಟಿ ಹೋದರು. ಹಿಂದೆ ಕೂತ ನನ್ನ ಹೆಂಡತಿ ವೈದೇಹಿ, "ನಾ ಇಳದು ನಡಕೋತ ಹೋಗಿ ಕಾಯಿಪಲ್ಲೆ ತಗೊಂಡಿರ್ತೀನಿ, ನೀವು ಸಾವಕಾಶ ಬರ್ರಿ" ಎಂದಳು. ಹಾಗೆಯೇ ಮಾಡಿದಳು ಕೂಡ.

ಇಂಥ ನನ್ನ ಮನೆಗೆ ಮಾನ್‌ಸ್ಟರ್ ಟ್ರಕ್ಕಿನ ಆಟವನ್ನು ತಂದವನು ಬೇರೆ ಯಾರೂ ಅಲ್ಲ, ನಾನೇ. ಆಳೆತ್ತರದ ಗಾಲಿಗಳ ಮೇಲೆ ಕೂತ ಆ ಟ್ರಕ್ಕುಗಳು ಗುಡ್ಡದಿಂದ ಗುಡ್ಡಕ್ಕೆ ಹಾರಿ, ಸಾಲಾಗಿ ನಿಂತ ಕಾರುಗಳನ್ನು ಹಪ್ಪಳದಂತೆ ಜಜ್ಜುತ್ತ ರೇಸು ಓಡುವುದನ್ನು ಕಂಡಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ವಾಹನವನ್ನು ಹೇಗೆ ಓಡಿಸಬಾರದು ಎಂದು ಚಾಲಕರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ? ನನ್ನ ಹಳೆಯ ಫೋನಿಗೆ ಆಟ ಇಳಿಸಿಕೊಂಡು ತರಗತಿಗೆ ಒಯ್ದು, ಪರದೆಯ ಮೇಲೆ ದೊಡ್ಡದಾಗಿ ಹಾಕಿದೆ. ನನ್ನ ಇಷ್ಟು ವರ್ಷದ ಪಾಠಗಳಲ್ಲಿ ಯಾರೂ ಆಕಳಿಸದೆ ಕೂತದ್ದು ಅದೊಂದೇ ದಿನ. ಗಾದಿಗನೂರಿನ ಹುಲುಗಪ್ಪ ಎಂಬ ಚಾಲಕನಂತೂ ಎದ್ದು ನಿಂತು, "ಸಾರ್, ಮಸ್ತ್ ಐತ್ರೀ! ಇಂಥಾ ಗಾಡಿ ನಮ್ಗ ಯಾವಾಗ ಕೊಡಸ್ತೀರಿ?" ಎಂದು ಕೇಳಿದ. ಮೇಲಿನವರು ನನ್ನನ್ನು ಕರೆದು ಮಂಗಳಾರತಿ ಎತ್ತಿದರು. ಫೋನನ್ನು ಮನೆಗೆ ತಂದು ಟೀವಿಯ ಪಕ್ಕ ಬಿಸಾಕಿದೆ.

ಅಲ್ಲಿಂದ ಅದು ಅಮ್ಮನ ಕೈಗೆ ಹೋಯಿತು. ನನ್ನ ಅಮ್ಮ ಎಪ್ಪತ್ತು ದಾಟಿದವಳು. ಏಕಾದಶಿಯಂದು ನೀರೂ ಮುಟ್ಟದವಳು. ಅವಳಿಗೆ ಲಾರಿಗಳ ಮೇಲೆ ಹಳೆಯ ಸಿಟ್ಟಿದೆ. ಅದಿರಿನ ಲಾರಿಗಳು ಹಗಲೂ ರಾತ್ರಿ ನಮ್ಮ ಮನೆಯ ಮುಂದೆ ಓಡುತ್ತಿದ್ದ ಕಾಲದಲ್ಲಿ, ಅವಳು ಮಾಳಿಗೆಯ ಮೇಲೆ ಹಾಕಿದ ಸಂಡಿಗೆ ಒಣಗುವುದರೊಳಗೆ ಕೆಂಪಾಗುತ್ತಿತ್ತು. ನಮ್ಮ ಮನೆಯ ಸಂಡಿಗೆಗೆ ಖಾರದ ಪುಡಿ ಜಾಸ್ತಿ ಎಂದು ಬೀಗರ ಕಡೆ ಆಡಿಕೊಳ್ಳುವುದೂ ಆಗಿತ್ತು. ಅಂಥ ಲಾರಿ ಈಗ ತನ್ನ ಹೆಬ್ಬೆರಳಿನ ಕೆಳಗೆ ಸಿಕ್ಕಿದಾಗ ಅವಳು ಬಿಡುತ್ತಾಳೆಯೇ? ಅದಕ್ಕೆ ರಾಕ್ಷಸ ಲಾರಿ ಎಂದು ಹೆಸರಿಟ್ಟಳು. ಮಧ್ಯಾಹ್ನ ಊಟ ಮುಗಿದು ಮಡಿ ಬಿಚ್ಚಿದ ಮೇಲೆ ಕನ್ನಡಕ ಏರಿಸಿ ಕೂತರೆ ಸಂಜೆ ದೀಪ ಹಚ್ಚುವವರೆಗೆ ಏಳುತ್ತಿರಲಿಲ್ಲ. ಪ್ರತಿ ಸಲ ಲಾರಿ ಹಾರುವಾಗಲೂ "ಹರಿ ಹರೀ" ಎನ್ನುತ್ತಿದ್ದಳು. "ನೋಡು, ಆಟ ಆಡಿಧಂಗೂ ಆತು, ಹರಿಸ್ಮರಣಿ ಮಾಡಿಧಂಗೂ ಆತು" ಎಂದು ನನ್ನ ಬಾಯಿ ಮುಚ್ಚಿಸಿದಳು. ತಿಂಗಳೊಪ್ಪತ್ತಿನಲ್ಲಿ ಅವಳ ಕೈ ಎಷ್ಟು ಪಳಗಿತೆಂದರೆ, ಲಾರಿಯನ್ನು ಗಾಳಿಯಲ್ಲಿ ಒಂದು ಪಲ್ಟಿ ಹೊಡೆಸಿ ಮತ್ತೆ ನಾಲ್ಕೂ ಗಾಲಿಯ ಮೇಲೆ ಇಳಿಸುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ. ಕಂಪ್ಲಿಯಲ್ಲಿ ಅಮ್ಮನ ತಂಗಿ ಪದ್ಮಾವತಿ ಚಿಕ್ಕಮ್ಮ ಇದ್ದಾಳೆ. ಅಕ್ಕ ಮಾಡಿದ್ದನ್ನು ತಾನೂ ಮಾಡದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ. ಅವಳೂ ಸೊಸೆಯ ಫೋನಿನಲ್ಲಿ ಅದೇ ಆಟ ಹಾಕಿಸಿಕೊಂಡಳು. ಈ ಅಕ್ಕ ತಂಗಿಯರ ನಡುವೆ ಒಂದು ಹಳೆಯ ತಕರಾರಿದೆ: ನಮ್ಮ ಅಜ್ಜಿಯ ಕಲ್ಲುಮರಿಗೆ. ಬಳಪದ ಕಲ್ಲಿನಲ್ಲಿ ಕಡೆದ ಪಾತ್ರೆ ಅದು. ಅಜ್ಜಿ ಅದರಲ್ಲಿ ಕುದಿಸಿದ ಹುಳಿಯ ರುಚಿಯನ್ನು ಅಮ್ಮ ಇವತ್ತಿಗೂ ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ. ಯಾವುದೋ ಕಾಲದಲ್ಲಿ ಮಗನ ಮುಂಜಿಗೆಂದು ಒಯ್ದ ಚಿಕ್ಕಮ್ಮ ಅದನ್ನು ವಾಪಸು ಕೊಡಲೇ ಇಲ್ಲ. ಹೋಗಲಿ, ಅದರಲ್ಲಿ ಹುಳಿ ಮಾಡುತ್ತಾಳೆಯೇ ಎಂದರೆ ಅದೂ ಇಲ್ಲ. "ನಮ್ಮವ್ವನ ಮರಗಿಯೊಳಗ ತೆಂಗಿನಚಿಪ್ಪು ತುಂಬಿಟ್ಟಾಳೋ ರಾಘು, ತೆಂಗಿನಚಿಪ್ಪು!" ಎಂದು ಕಂಪ್ಲಿಯಿಂದ ಬಂದಾಗಲೆಲ್ಲ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದು ನಾಟಕದ ಕಣ್ಣೀರಾಗಿರಲಿಲ್ಲ.

ಒಂದು ದಿನ ಫೋನಿನಲ್ಲಿ ಮಾತಿಗೆ ಮಾತು ಬೆಳೆದು ಇಬ್ಬರೂ ಪಣ ಕಟ್ಟಿದರು. ಆಟದಲ್ಲಿ ವಾರವಿಡೀ ನಡೆಯುವ ರೇಸಿನಲ್ಲಿ, ಎಷ್ಟು ಸಲವಾದರೂ ಓಡಿಸಲಿ, ಕೊನೆಗೆ ಯಾರ ಅಂಕ ಮುಂದೋ ಮರಿಗೆ ಅವರಿಗೆ. "ನೀ ಗೆದ್ರ ಒಯ್ಯಿ. ನಾ ಗೆದ್ರ ಮತ್ತ ಅದರ ಹೆಸರು ಎತ್ತಬಾರದು ನೋಡಕ್ಕ, ಜೀವ ಇರೂತನಕ" ಎಂದಳು ಚಿಕ್ಕಮ್ಮ. ಅಮ್ಮ ಹೂಂ ಎಂದುಬಿಟ್ಟಳು. ಆಮೇಲೆ ವೈದೇಹಿ ನೋಡಿ ಹೇಳಿದಳು: ರೇಸು ಮುಗಿಯುವುದು ದ್ವಾದಶಿಯ ಬೆಳಿಗ್ಗೆ ಎಂಟಕ್ಕೆ.

ದ್ವಾದಶಿಯ ಬೆಳಗು ಎಂದರೆ ನಮ್ಮ ಮನೆಯಲ್ಲಿ ಏನೆಂದು ಹೇಳಬೇಕು. ಹಿಂದಿನ ದಿನ ಉಪವಾಸವಿದ್ದ ಅಮ್ಮ ನಸುಕಿನಲ್ಲೇ ಮಿಂದು, ಮಡಿ ಸೀರೆ ಉಟ್ಟು, ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ ಎಲ್ಲ ತಾನೇ ಮಾಡಿ, ದೇವರ ನೈವೇದ್ಯವಾದ ಮೇಲೆ ಹೊತ್ತು ಮೀರದಂತೆ ಉಂಡು ಪಾರಣೆ ಮಾಡಬೇಕು. ಅಲ್ಲಿಯವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ, ಅವಳೂ ಏನನ್ನೂ ಮುಟ್ಟುವಂತಿಲ್ಲ. ಈ ವಿಷಯದಲ್ಲಿ ಅವಳು ಕಲ್ಲು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಕಾಲುವೆಯ ದಂಡೆಯಲ್ಲಿ ಬಿದ್ದು, ಮೊಣಕಾಲಿನ ರಕ್ತ ಸುರಿಸಿಕೊಂಡು ಅಮ್ಮಾ ಎಂದು ಓಡಿ ಬಂದಿದ್ದೆ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಎರಡೂ ಕೈ ಮೇಲೆತ್ತಿ ನಿಂತು, "ದೂರ, ದೂರ! ಮಡಿಯೊಳಗಿದ್ದೀನೋ ಕಂದಾ" ಎಂದಳು. ಹಾಗೆ ನಿಂತೇ ಗಾಯಕ್ಕೆ ಅರಿಶಿನ ಹಚ್ಚಿಕೊಳ್ಳುವುದು ಹೇಗೆಂದು ಹೇಳಿಕೊಟ್ಟಳು. ಹೊಸ್ತಿಲಿನ ಆಚೆ ಅವಳು ಅತ್ತಳು, ಈಚೆ ನಾನು ಅತ್ತೆ. ಆವತ್ತು ಅವಳು ಬಂದು ಒಮ್ಮೆ ತಬ್ಬಿಕೊಂಡಿದ್ದರೆ ಎಂದು ಈ ವಯಸ್ಸಿನಲ್ಲೂ ಅನ್ನಿಸುವುದುಂಟು.

ಇಂಥವಳು ದ್ವಾದಶಿಯ ಬೆಳಿಗ್ಗೆ ಫೋನು ಹಿಡಿಯುವ ಮಾತೇ ಇಲ್ಲ. ರೇಷ್ಮೆಗೆ ಮೈಲಿಗೆಯಿಲ್ಲ, ಫೋನಿಗೆ ರೇಷ್ಮೆ ಸುತ್ತಿಕೊಳ್ಳಲಿ ಎಂದು ನಾನು ಸಲಹೆ ಕೊಟ್ಟೆ. "ರೇಷ್ಮಿ ಮ್ಯಾಲೆ ಬಟ್ಟು ಒತ್ತಿದ್ರ ಅದಕ್ಕ ತಿಳೀತದೇನೋ ಶಾಣ್ಯಾ?" ಎಂದು ಅಮ್ಮ ಕೇಳಿದಳು. ಆಮೇಲೆ ಸ್ವಲ್ಪ ಹೊತ್ತು ನನ್ನನ್ನೇ ದಿಟ್ಟಿಸಿ, "ಏಕಾದಶಿ ದಿನಾನ ನಾ ಮುಂದ ಹೋಗಿರ್ತೀನಿ. ಆದ್ರೂ ಪದ್ದೀನ್ನ ನಂಬೂಹಂಗಿಲ್ಲ. ಬೆಳಿಗ್ಗೆ ಏನರ ಆದ್ರ ನೀನ ಓಡಸಬೇಕು" ಎಂದಳು. ನನ್ನೊಳಗೆ ಏನೋ ಎದ್ದು ನಿಂತಿತು. ಅಮ್ಮನ ಮರಿಗೆ ತಂದೇ ತರುತ್ತೇನೆ ಎಂದು ಅಲ್ಲಿಯೇ ನಿಶ್ಚಯಿಸಿದೆ. ಸಂಡೂರಿಗೆ ಹೋಗುವ ಕಂಪನಿ ಬಸ್ಸಿನ ಮೂಲೆಯ ಸೀಟಿನಲ್ಲಿ ಕೂತು, ನನ್ನ ಫೋನಿಗೂ ಆ ಆಟ ಹಾಕಿಕೊಂಡು, ನನ್ನ ಚಾಲಕರು ಯಾರೂ ನೋಡದಂತೆ ಊಟದ ಚೀಲದ ಮರೆಯಲ್ಲಿ ದಿನವೂ ಅಭ್ಯಾಸ ಮಾಡಿದೆ. ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ನಾನೂ ಹಾಕುತ್ತಿದ್ದೆ. ಬಸ್ಸು ಹಾಕದಿದ್ದಾಗಲೂ ಹಾಕುತ್ತಿದ್ದೆ.

ಏಕಾದಶಿಯಂದು ಅಮ್ಮ ಹಸಿದ ಹೊಟ್ಟೆಯಲ್ಲಿ ಅದ್ಭುತವಾಗಿ ಆಡಿ ಚಿಕ್ಕಮ್ಮನನ್ನು ಬಹಳ ಹಿಂದೆ ಹಾಕಿದಳು. ಆದರೆ ದ್ವಾದಶಿಯ ಬೆಳಿಗ್ಗೆ ನಾನು ಎದ್ದು ನೋಡಿದರೆ ಚಿಕ್ಕಮ್ಮ ಮೇಲಿದ್ದಾಳೆ, ಒಂದೆರಡು ಕಾರು ಹೆಚ್ಚಿಗೆ ಜಜ್ಜಿದಷ್ಟು ಅಂತರ. ಅವಳ ಮನೆಯಲ್ಲಿ ಪಾರಣೆಯ ಅಡುಗೆ ಸೊಸೆಯಂದಿರದು. ಇವಳು ನಸುಕಿನಲ್ಲೆದ್ದು ಆರಾಮಾಗಿ ಲಾರಿ ಓಡಿಸಿದ್ದಾಳೆ. ಸುದ್ದಿ ಹೇಳಿದಾಗ ಅಮ್ಮ ಒಲೆಯ ಉರಿ ಸಣ್ಣ ಮಾಡಿದಳು. ಆಮೇಲೆ "ಬಾ, ಕುಂದ್ರು" ಎಂದಳು.

ಅಡುಗೆಮನೆಯ ಹೊಸ್ತಿಲಿನ ಈಚೆ ನಾನು ಅವಳಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತೆ. ಆಚೆ ಅವಳು ಸೌಟು ಹಿಡಿದು, ಮುಟ್ಟಿಸಿಕೊಳ್ಳದ ಹಾಗೆ ಬಗ್ಗಿ, ನನ್ನ ತಲೆಯ ಮೇಲಿಂದ ಫೋನು ನೋಡುತ್ತ ನಿಂತಳು. ರೇಸು ಶುರುವಾಯಿತು. ಮೊದಲ ತಿರುವಿಗೇ ನನ್ನ ಕೈ ಅಭ್ಯಾಸಬಲದಿಂದ ಏನನ್ನೋ ಹುಡುಕಿತು.

"ಹಾರ್ನ್ ಎಲ್ಲದ ಅಮ್ಮ?"

"ಯಾರಿಗೆ ಹೊಡೀತೀಯೋ ಹಾರ್ನು? ಅಲ್ಲಿ ಒಂದು ನಾಯಿ ಸೈತ ಇಲ್ಲ! ಒತ್ತು, ಒತ್ತು!"

ಒತ್ತಿದೆ. ಗುಡ್ಡ ಬಂತು, ಗುಡ್ಡದ ತುದಿ ಬಂತು, ಅದರಾಚೆ ದೊಡ್ಡ ಕಮರಿ. ನನ್ನ ಲಾರಿ ಕಮರಿಯ ಅಂಚಿಗೆ ಬಂದು, ಒಂದಿಷ್ಟೂ ಮುಂದೆ ಹೋಗದೆ, ನಿಯಮದ ಪ್ರಕಾರ ನಿಂತಿತು. ನೋಡಲು ಬಹಳ ಚಂದವಾಗಿತ್ತು. ನನ್ನ ತರಗತಿಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ನೆತ್ತಿಯ ಮೇಲೆ ಸೌಟಿನಿಂದ ಬಿಸಿ ತೊವ್ವೆಯ ಹನಿ ಬಿತ್ತು. ಕೂದಲಿಲ್ಲದ ಜಾಗವಾದ್ದರಿಂದ ಚುರುಕ್ ಎಂದಿತು.

"ಹಾರೂ ಜಾಗದೊಳಗ ಬ್ರೇಕ್ ಯಾಕ ಹಾಕಿದೆಪ್ಪಾ? ಅದೇನು ಬಸ್‌ಸ್ಟ್ಯಾಂಡೇನು, ಮಂದೀನ್ನ ಇಳಸ್ಲಿಕ್ಕೆ?"

ಎರಡನೆಯ ಸಲ ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಒತ್ತಿದೆ. ಕಣ್ಣು ಬಿಟ್ಟಾಗ ಲಾರಿ ಅಂಗಾತ ಬಿದ್ದು ಗಾಲಿ ತಿರುಗಿಸುತ್ತಿತ್ತು. ಅಷ್ಟರಲ್ಲಿ ವೈದೇಹಿಯ ಫೋನಿಗೆ ಕಂಪ್ಲಿಯ ಕರೆ ಬಂತು. "ಏನಕ್ಕ, ಅಡಗಿ ಆತೇನು? ಮರಗಿ ಆಸೆ ಬಿಡು. ಇವತ್ತ ಅದನ್ನ ತೊಳದು, ಹೊಸಾ ಚಿಪ್ಪು ತುಂಬಸ್ಲಿಕ್ಕತ್ತೀನಿ" ಎಂದು ಚಿಕ್ಕಮ್ಮನ ದನಿ ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳಿಸಿತು. ಬೆನ್ನ ಹಿಂದೆ ಅಮ್ಮ ಸೌಟನ್ನು ಪಾತ್ರೆಗೆ ಠಣ್ಣೆಂದು ಹಾಕಿದಳು. ಗಡಿಯಾರ ಎಂಟರ ಹತ್ತಿರ ಬಂದಿತ್ತು. ಇನ್ನು ಒಂದು ಓಟಕ್ಕಷ್ಟೇ ಹೊತ್ತಿತ್ತು. ಪ್ರಾಣ ಹೋದರೂ ಬ್ರೇಕ್ ಮುಟ್ಟುವುದಿಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡೆ.

ಮೂರನೆಯ ಓಟ, ಸುಳ್ಳು ಹೇಳಬಾರದು, ಬಹಳ ಚೆನ್ನಾಗಿ ಹೋಯಿತು. ತಿರುವು ದಾಟಿದೆ, ಕಾರುಗಳನ್ನು ಜಜ್ಜಿದೆ, ಚಿಕ್ಕ ದಿಬ್ಬಗಳನ್ನು ಹಾರಿದೆ. "ಭೇಷ್! ಹಂಗ! ಹಂಗ ಹೊಡಿ!" ಎಂದಳು ಅಮ್ಮ. ಗುಡ್ಡ ಬಂತು. ತುದಿ ಬಂತು. ಕಮರಿ ಕಂಡಿತು. ನನ್ನ ಎಡ ಹೆಬ್ಬೆರಳು, ನನ್ನನ್ನು ಒಂದು ಮಾತೂ ಕೇಳದೆ, ಬ್ರೇಕಿನ ಕಡೆಗೆ ಹೊರಟಿತು.

ಆಗ ಹಿಂದಿನಿಂದ ಒಂದು ಒದ್ದೆ ಕೈ ಬಂದು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು. ಇನ್ನೊಂದು ಕೈ, ಅಗಸೆ ಸೊಪ್ಪಿನ ವಾಸನೆಯದು, ನನ್ನ ಬನಿಯನ್ನಿಗೆ ಹೆಬ್ಬೆರಳು ಒರೆಸಿಕೊಂಡು ಫೋನನ್ನು ಕಿತ್ತುಕೊಂಡಿತು. "ಅಮ್ಮಾ, ಮಡಿ!" ಎಂದು ವೈದೇಹಿ ಚೀರಿದಳು. "ಸುಮ್ಮನಿರ! ಸ್ನಾನ ಇನ್ನೊಮ್ಮೆ ಮಾಡಿದ್ರ ಆತು!" ಎಂದು ಅಮ್ಮ ಒತ್ತಿಯೇ ಒತ್ತಿದಳು. "ಹರಿ ಹರೀ!" ಲಾರಿ ಕಮರಿಯ ಮೇಲೆ ಹಾರಿತು, ಪಲ್ಟಿ ಹೊಡೆಯಿತು, ಆಚೆಯ ಕಾರುಗಳ ಸಾಲಿನ ಮೇಲೆ ನಾಲ್ಕೂ ಗಾಲಿ ಊರಿ ಇಳಿಯಿತು. ಅಂಕದಲ್ಲಿ ಅಮ್ಮ ಚಿಕ್ಕಮ್ಮನನ್ನು ದಾಟಿದಳು, ಕಂಪ್ಲಿಯ ಕರೆ ಕಟ್ಟಾಯಿತು. ಅಷ್ಟೂ ಹೊತ್ತು ಅಮ್ಮನ ಮೊಣಕೈ ನನ್ನ ಹೆಗಲ ಮೇಲೇ ಇತ್ತು. ಅವಳು ಫೋನು ನನ್ನ ಮಡಿಲಿಗೆ ಹಾಕಿ, ನನ್ನ ತಲೆಯ ಮೇಲಿನ ತೊವ್ವೆಯನ್ನು ಸೆರಗಿನಿಂದ ಒರೆಸಿ, ಬಚ್ಚಲಿಗೆ ನಡೆದಳು. ಮತ್ತೆ ಮಿಂದು, ಬೇರೆ ಮಡಿ ಉಟ್ಟು ಬಂದು, ನೈವೇದ್ಯ ಮುಗಿಸಿ, ಹೊತ್ತು ಮೀರುವುದರೊಳಗೆ ಪಾರಣೆಯನ್ನೂ ಮಾಡಿದಳು.

ಮಾತಿಗೆ ತಪ್ಪದ ಚಿಕ್ಕಮ್ಮ ಮರಿಗೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ತಾನೇ ತಂದು ಕೊಟ್ಟಳು. ಅಮ್ಮ ಅದರಲ್ಲಿ ಹುಳಿ ಕುದಿಸಿ ಮೊದಲು ತಂಗಿಗೇ ಬಡಿಸಿದಳು. ಇಬ್ಬರೂ ಅಜ್ಜಿಯನ್ನು ನೆನೆದು ಮೂಗು ಒರೆಸಿಕೊಂಡರು. ಕೈ ತೊಳೆಯುತ್ತಲೇ ಚಿಕ್ಕಮ್ಮ, ಮುಂದಿನ ದ್ವಾದಶಿಗೆ ಮತ್ತೊಂದು ರೇಸಾಗಲಿ, ಮರಿಗೆಯೇ ಪಣ ಎಂದಳು. ನನಗೆ ಒಳಗೊಳಗೇ ಖುಷಿಯಾಯಿತು. ಮೊಣಕಾಲಿನ ರಕ್ತಕ್ಕೆ ಮುರಿಯದ ಮಡಿ ಒಂದು ಬ್ರೇಕಿಗೆ ಮುರಿಯುತ್ತದೆ ಎಂಬ ಗುಟ್ಟು ನನಗೆ ಗೊತ್ತಾಗಿತ್ತಲ್ಲ!

ಮುಂದಿನ ದ್ವಾದಶಿಯ ಬೆಳಿಗ್ಗೆ, ಅಮ್ಮ ಮತ್ತೆ ಹಿಂದೆ ಬಿದ್ದು ಮಡಿಯಲ್ಲಿದ್ದಾಗ, ನಾನು ಹೊಸ್ತಿಲ ಬಳಿ ಬೆನ್ನು ಮಾಡಿ ಕೂತೆ. ಕಮರಿ ಬಂತು. ಈ ಸಲ ಹೆಬ್ಬೆರಳಿನ ತಪ್ಪಲ್ಲ, ನಾನೇ ಬೇಕೆಂದು ಬ್ರೇಕ್ ಒತ್ತಿದೆ. ಒತ್ತಿ, ಹೆಗಲು ಸ್ವಲ್ಪ ಮೇಲೆತ್ತಿ, ಕಣ್ಣು ಮುಚ್ಚಿ ಕಾದೆ.

"ವೈದೇಹೀ," ಎಂದು ಹಿಂದಿನಿಂದ ಅಮ್ಮನ ದನಿ ಬಂತು, "ಆ ಫೋನು ಇಸಗೊಂಡು ನೀ ಕುಂದ್ರವ್ವಾ. ಇವನ ಕೈಲೆ ಆಗೂದಿಲ್ಲ."