ಎರಡು ಸುಳಿಯ ಅಳಿಯ

ಅಶ್ವಥ್: ಅತ್ತೆ, ನಾಲ್ಕು ಹನಿ ಸಾಕು ಅಂದ್ನಲ್ಲ. ಅಂಗೈಗೆ ಹಾಕ್ರಿ, ನಾನೇ ಹಚ್ಕೊಂತೀನಿ.

ಕೆಂಚಕ್ಕ: ನಾಲ್ಕು ಹನಿ ಹಾಕಾಕೆ ಇದೇನು ತಲೆನೋ, ಹೊಲಿಗೆ ಮಿಷನ್ನೋ? ಸುಮ್ನೆ ಕೂಡ್ರಿ.

ಅಶ್ವಥ್: ಗುಂಗುರು ಕೂದ್ಲಿನ ಲೆಕ್ಕನೇ ಬೇರೆ ಅತ್ತೆ. ಒದ್ದೆ ಇದ್ದಾಗ ತುದಿಗೆ ಅಷ್ಟೇ ಸವರಬೇಕು. ಬುಡಕ್ಕೆ ಸುರಿದ್ರೆ ಸುರುಳಿ ಎಲ್ಲಾ ಬಿಚ್ಕೊಂಡ್ಬಿಡ್ತಾವೆ.

ಕೆಂಚಕ್ಕ: ಬಿಚ್ಕೊಳ್ಳಿ ಬಿಡ್ರಿ. ಹಬ್ಬದ ದಿನ ಅವೂ ಒಂದೀಟು ಕಾಲು ಚಾಚಲಿ.

ಶಾಮನೂರಿನ ಆ ಮನೆಯ ಹಿತ್ತಲಿನಲ್ಲಿ ಯುಗಾದಿಯ ಬೆಳಗಿನ ಅಭ್ಯಂಜನ ನಡೆದಿತ್ತು. ಮದುವೆಯಾದ ಮೇಲಿನ ಮೊದಲ ಯುಗಾದಿ. ಆದ್ದರಿಂದ ಅಳಿಯ ಅಶ್ವಥ್ ಹಿಂದಿನ ಸಂಜೆಯೇ ಹರಿಹರದಿಂದ ಬೈಕಿನಲ್ಲಿ ಬಂದಿಳಿದಿದ್ದ. ಹಬ್ಬದ ಊಟ ಒಂದು ನೆಪ. ಅವನು ಬಂದಿದ್ದುದು ಹೆಂಡತಿಯನ್ನು ಕರೆದೊಯ್ಯಲು. ಶಿವರಾತ್ರಿಗೆಂದು ತವರಿಗೆ ಬಂದ ಶಾಂತಲಾ, ಯುಗಾದಿ ಮುಗಿಸಿಕೊಂಡೇ ಬರುತ್ತೇನೆಂದು ಉಳಿದುಬಿಟ್ಟಿದ್ದಳು. ಅಲ್ಲಿಂದೀಚೆಗೆ ಅಶ್ವಥ್ ತನ್ನ ಮೋಟಾರು ರಿವೈಂಡಿಂಗ್ ಅಂಗಡಿಯ ಎದುರಿನ ಹೋಟೆಲಿನ ಅನ್ನವುಂಡು, ರಾತ್ರಿ ಗೋಡೆಯ ಜೊತೆ ಮಾತಾಡಿ ಮಲಗುತ್ತಿದ್ದ. ಮರುದಿನ ಬೆಳಿಗ್ಗೆ ಅವಳನ್ನು ಹಿಂದೆ ಕೂರಿಸಿಕೊಂಡು ಹೊರಡುವುದೆಂದು ಎಲ್ಲವೂ ನಿಶ್ಚಯವಾಗಿತ್ತು.

ಅವನಿಗೆ ಹೆಂಡತಿಯನ್ನು ಬಿಟ್ಟರೆ ಹೆಮ್ಮೆಯೆಂದರೆ ತನ್ನ ತಲೆಗೂದಲು. ಮೋಟಾರಿನ ಹೊಟ್ಟೆಯೊಳಗಿನ ತಾಮ್ರದ ತಂತಿಯಂತೆ ಸುತ್ತಿಕೊಂಡ ಆ ಗುಂಗುರು ಕೂದಲನ್ನು ಅವನು ಬಾಚಣಿಗೆ ಮುಟ್ಟಿಸದೆ, ಹಳೆಯ ಬನೀನಿನಿಂದ ನೀರು ಹಿಂಡಿ, ಹನಿ ಲೆಕ್ಕದಲ್ಲಿ ಹರಳೆಣ್ಣೆ ಸವರಿ ಸಾಕಿಕೊಂಡು ಬಂದಿದ್ದ. ಅತ್ತೆಯ ಬಳಿ ಆ ಲೆಕ್ಕ ನಡೆಯಲಿಲ್ಲ. ಹರಳು ಹುರಿದು, ಕುಟ್ಟಿ, ಕುದಿಸಿ ಅವಳೇ ತೆಗೆದ, ಜೋನಿಬೆಲ್ಲದಷ್ಟು ಮಂದವಾದ ಎಣ್ಣೆಯನ್ನು ಬಟ್ಟಲಿಗೆ ಬಟ್ಟಲೇ ನೆತ್ತಿಯ ಮೇಲೆ ಬಗ್ಗಿಸಿದಳು. ಯಾರಿಗೂ ತಲೆಬಾಗದ ಸುರುಳಿಗಳು ಒಂದೊಂದಾಗಿ ಮಲಗಿದವು. ಕೆಂಚಕ್ಕನ ಬೆರಳುಗಳು ಬುಡದವರೆಗೆ ಇಳಿದು, ನೆತ್ತಿಯ ಸುತ್ತ ತಿರುಗಿ, ತಟ್ಟನೆ ನಿಂತವು.

ಕೆಂಚಕ್ಕ: ರೀ, ಒಂದೀಟು ಇಲ್ಲಿ ಬರ್ರಿ.

ಮಾವ ಉಚ್ಚೆಂಗಪ್ಪ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದವನು ಕೆಳಗಿಳಿದು ಬಂದ. ಎತ್ತುಗಳ ಸುಳಿ ನೋಡುವುದರಲ್ಲಿ ಅವನದು ಸುತ್ತಮುತ್ತ ಹೆಸರಾದ ಕಣ್ಣು. ಮೈಮೇಲೆ ಕೂದಲು ಸುತ್ತಿಕೊಂಡು ಹುಟ್ಟುವ ಆ ಚಿಕ್ಕ ಜಾಗವನ್ನು ನೋಡಿ, ಈ ಎತ್ತು ಮನೆಗೆ ಆಗಿಬರುತ್ತದೆ, ಇದು ಬರುವುದಿಲ್ಲ ಎಂದು ಅವನು ಹೇಳಿದರೆ ಮುಗಿಯಿತು. ಹೆಂಡತಿಯ ತವರೂರು ಕುಕ್ಕುವಾಡದವರು ಅವನನ್ನು ಕರೆದೊಯ್ಯದೆ ಎತ್ತು ಕೊಳ್ಳುತ್ತಿರಲಿಲ್ಲ.

ಕೆಂಚಕ್ಕ: ನೋಡ್ರಿ, ಎರಡು ಅದಾವೆ.

ಉಚ್ಚೆಂಗಪ್ಪ: ಎಲ್ಲಿ, ಕೈ ತಗಿ. ಇದೊಂದು. ಇದೊಂದು. ಹೌದಲ್ಲೇ.

ಅಶ್ವಥ್: ಏನ್ ಮಾವ ಎರಡು? ಹೇನಾ?

ಉಚ್ಚೆಂಗಪ್ಪ: ಹೇನಾಗಿದ್ರೆ ಎಷ್ಟೋ ವಾಸಿ ಇತ್ತು. ಹೇನಿಗೆ ಔಷಧ ಐತೆ. ಇದು ಸುಳಿ.

ನೆತ್ತಿಯಲ್ಲಿ ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂಬ ಮಾತನ್ನು ಅಶ್ವಥ್ ಕೇಳಿರಲಿಲ್ಲವೆಂದಲ್ಲ. ಆದರೆ ಅದು ತನ್ನ ತಲೆಯ ಮೇಲೆಯೇ ಬಂದು ಕುಳಿತಿರಬಹುದೆಂದು ಎಣಿಸಿರಲಿಲ್ಲ.

ಉಚ್ಚೆಂಗಪ್ಪ: ಹೆಣ್ಣು ನೋಡಾಕೆ ಬಂದಾಗ ಈ ಕಾಡು ಬೆಳೆಸ್ಕೊಂಡು ಬಂದಿದ್ರಿ. ಒಳಗೆ ಏನೈತೆ ಅಂತ ಯಾರಿಗೆ ಕಾಣಬೇಕು?

ಅಶ್ವಥ್: ನನ್ನ ಕೂದ್ಲು ಹುಟ್ಟಿದಾಗಿಂದ ಹಿಂಗೇ ಐತೆ ಮಾವ.

ಉಚ್ಚೆಂಗಪ್ಪ: ನಾನೂ ಅದೇ ಅಂದಿದ್ದು. ಹುಟ್ಟಿದಾಗಿಂದ ಮುಚ್ಚಿಟ್ಟೀರಿ.

ಉಚ್ಚೆಂಗಪ್ಪ ಮಣೆಯ ಸುತ್ತ ಒಂದು ಸುತ್ತು ಬಂದ. ಅಭ್ಯಾಸಬಲವೆಂಬುದು ದೊಡ್ಡದು, ಅವನ ಕೈ ತಾನಾಗಿ ಅಳಿಯನ ಗಲ್ಲ ಎತ್ತಿ ಹಲ್ಲು ಅಲ್ಲಾಡಿಸಿ ನೋಡಿತು, ಬೆನ್ನಿನ ಮೇಲೆ ಎರಡು ಸಲ ತಟ್ಟಿತು.

ಅಶ್ವಥ್: ಮಾವ, ನಾನು ಎತ್ತಲ್ಲ.

ಉಚ್ಚೆಂಗಪ್ಪ: ಎತ್ತಾಗಿದ್ರೆ ಬರೋ ಸಂತೆಗೆ ಹೊಡ್ಕೊಂಡು ಹೋಗಿ ವಾಪಸ್ ಕೊಟ್ಟು ಬರ್ತಿದ್ದೆ.

ಹೀಗೆಂದವನು ತೀರ್ಪನ್ನೂ ಕೊಟ್ಟುಬಿಟ್ಟ. ಈ ಸುಳಿಯ ಇತ್ಯರ್ಥವಾಗುವ ತನಕ ಮಗಳನ್ನು ಹರಿಹರಕ್ಕೆ ಕಳಿಸುವ ಮಾತೇ ಇಲ್ಲ. ಅಲ್ಲಿಗೆ ಹೋಗಿ ಅವಳು ಸವತಿಯ ಪಾತ್ರೆ ತೊಳೆಯುವುದು ಬೇಕಾಗಿಲ್ಲ. ಅಶ್ವಥ್ ಏಳಲು ನೋಡಿದ. ಎಣ್ಣೆ ಹಚ್ಚಿಕೊಂಡವನು ಸ್ನಾನವಿಲ್ಲದೆ ಹೊಸಿಲು ದಾಟಬಾರದೆಂದು ಅತ್ತೆ ಹೆಗಲು ಹಿಡಿದು ಕೂರಿಸಿದಳು. ಹಾಗಾದರೆ ನೀರನ್ನಾದರೂ ಹಾಕಿ ಎಂದು ಅವನು ಬೇಡಿದ. ಅದಕ್ಕೆ ಮಾವ ಒಪ್ಪಲಿಲ್ಲ. ಎಣ್ಣೆ ತೊಳೆದರೆ ಕೂದಲು ಮತ್ತೆ ಎದ್ದು ನಿಲ್ಲುತ್ತದೆ, ಸಾಕ್ಷಿ ಮುಚ್ಚಿಹೋಗುತ್ತದೆ ಎಂಬುದು ಅವನ ವಾದ. ಹಂಡೆಯ ನೀರು ಕುದಿಯುತ್ತಿತ್ತು. ಅಶ್ವಥ್ ಎಣ್ಣೆಯಲ್ಲಿ ನೆನೆಯುತ್ತ ಕುಳಿತ.

ಹೋಳಿಗೆಯ ಹೂರಣ ಮೆತ್ತಿದ ಕೈಯಲ್ಲೇ ಶಾಂತಲಾ ಹೊರಗೆ ಬಂದಳು. ನಕ್ಕು ಹಾರಿಸಿಬಿಡುವವಳು ಇವಳೊಬ್ಬಳೇ ಎಂದು ಅಶ್ವಥ್ ಆಸೆಯಿಂದ ಅವಳತ್ತ ನೋಡಿದ. ಅವಳು ವಿಷಯ ಕೇಳಿದಳು, ನೆತ್ತಿ ನೋಡಿದಳು, ನಗಲಿಲ್ಲ.

ಶಾಂತಲಾ: ಯಾರು ಅವಳು?

ಅಶ್ವಥ್: ಯಾರೂ ಇಲ್ಲ ಮಾರಾಯ್ತಿ.

ಶಾಂತಲಾ: ಯಾರೂ ಇಲ್ದೆ ಸುಳಿ ಬರ್ತೈತಾ? ಅಂಗಡಿಗೆ ಯಾರ್ಯಾರು ಬರ್ತಾರೆ?

ಅಶ್ವಥ್: ಸುಟ್ಟ ಮೋಟಾರ್ ಹೊತ್ಕೊಂಡು ಯಾವ ಹೆಂಗ್ಸು ಬರ್ತಾಳೆ?

ಶಾಂತಲಾ: ಮಿಕ್ಸಿ ತಗೊಂಡು ಬರ್ತಾರಲ್ಲ.

ಎಣ್ಣೆ ಇಳಿಯುತ್ತಿದ್ದ ಕಣ್ಣು ಮುಚ್ಚಿಕೊಂಡು ಅಶ್ವಥ್ ನೆನಪು ಮಾಡಿಕೊಂಡ. ಮಿಕ್ಸಿಗಳು ಬಂದಿದ್ದವು, ಹೆಂಗಸರೇ ತಂದಿದ್ದರು. ಈ ಸತ್ಯವನ್ನು ಹೇಗೆ ಹೇಳುವುದೆಂದು ಅವನು ಒಂದು ಗಳಿಗೆ ತಡೆದ. ಆ ಒಂದು ಗಳಿಗೆಯನ್ನು ಮೂವರೂ ತಪ್ಪೊಪ್ಪಿಗೆಯೆಂದು ಬರೆದುಕೊಂಡರು.

ಕೊನೆಗೆ ಪರಿಹಾರ ಹೊಳೆದದ್ದು ಕೆಂಚಕ್ಕನಿಗೆ. ಕುಕ್ಕುವಾಡದಲ್ಲಿ ಹಿಂದೆ ಒಬ್ಬ ಎರಡು ಸುಳಿಯವನಿಗೆ ಎಕ್ಕದ ಗಿಡದ ಜೊತೆ ಮದುವೆ ಮಾಡಿಸಿದ್ದರಂತೆ. ಒಂದು ಸುಳಿ ಗಿಡಕ್ಕೆ ಖರ್ಚಾಗಿಹೋಯಿತು, ಉಳಿದದ್ದರಲ್ಲಿ ಅವನು ಹೆಂಡತಿಯ ಜೊತೆ ಸುಖವಾಗಿ ಬಾಳಿದನಂತೆ. ಆದರೆ ಶಾಮನೂರಿನ ಸುತ್ತ ಬಡಾವಣೆಗಳೆದ್ದ ಮೇಲೆ ಎಕ್ಕ ಎಲ್ಲಿ ಸಿಗಬೇಕು? ಉಚ್ಚೆಂಗಪ್ಪ ಹಿತ್ತಲ ಗೋಡೆಯಾಚೆ ಕತ್ತು ಚಾಚಿದ. ಪಕ್ಕದ ಖಾಲಿ ಸೈಟಿನಲ್ಲಿ, ಚರಂಡಿಯ ಅಂಚಿಗೆ, ಆಳೆತ್ತರದ ಒಂದು ಹರಳು ಗಿಡ ಗಾಳಿಗೆ ಕೈ ಆಡಿಸುತ್ತಿತ್ತು.

ಉಚ್ಚೆಂಗಪ್ಪ: ಇದಾಗಲ್ಲೇನು?

ಕೆಂಚಕ್ಕ: ಆಗದೇನು. ಆ ಗಿಡದ ಕಾಯಿಂದಲೇ ಈ ಎಣ್ಣೆ ತೆಗೆದಿದ್ದು. ಹೆಣ್ಣಿನ ಮನೆ ಎಣ್ಣೆ ಆಗ್ಲೇ ಹುಡುಗನ ತಲೆ ಮ್ಯಾಲೆ ಐತೆ. ಎಣ್ಣೆ ಶಾಸ್ತ್ರ ಮುಗೀತು ಅನ್ರಿ.

ಒಂದು ಗಿಡಕ್ಕೆ ಅರಿಶಿನದ ದಾರ ಕಟ್ಟಿದರೆ ಹೆಂಡತಿ ಸಿಗುತ್ತಾಳೆ, ಬಿಸಿನೀರೂ ಸಿಗುತ್ತದೆ. ಅಶ್ವಥ್ ಯೋಚಿಸಲಿಲ್ಲ.

ಅಶ್ವಥ್: ಕಟ್ತೀನಿ ಮಾವ. ದಾರ ಕೊಡ್ರಿ.

ಶಾಂತಲಾ: ಇಷ್ಟು ಬೇಗ ಒಪ್ಪಿದ್ರಾ? ನನ್ನ ನೋಡಿದಾಗ ಊರಿಗೆ ಹೋಗಿ ತಿಳಿಸ್ತೀವಿ ಅಂದು, ತಿಂಗಳಾನುಗಟ್ಟಲೆ ಸುದ್ದಿನೇ ಇರಲಿಲ್ಲ.

ಅಶ್ವಥ್: ಅದು ಗಿಡ ಕಣೇ.

ಶಾಂತಲಾ: ಗಿಡ ಅಂತ ನೀವು ಹೇಳ್ತೀರಿ. ತಾಳಿ ಕಟ್ಟಿದ ಮ್ಯಾಲೆ ಅದಕ್ಕೂ ಒಂದು ಸ್ಥಾನ ಐತೆ.

ಉಚ್ಚೆಂಗಪ್ಪ ನ್ಯಾಯವಂತ. ಹಿರಿಯರನ್ನು ಕೇಳದೆ ಇನ್ನೊಬ್ಬರ ಜಾಗದಲ್ಲಿರುವ ಹೆಣ್ಣಿಗೆ ತಾಳಿ ಕಟ್ಟಿಸುವುದು ಅವನ ಮನಸ್ಸಿಗೆ ಬರಲಿಲ್ಲ. ಆ ಸೈಟು ಕೆ.ಬಿ. ಬಡಾವಣೆಯ ಕಾಳಿನ ವ್ಯಾಪಾರಿ ನಾಗರಾಜಪ್ಪನದು. ಉಚ್ಚೆಂಗಪ್ಪ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ಹಬ್ಬದ ಕುಶಲ ವಿಚಾರಿಸಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ.

ಉಚ್ಚೆಂಗಪ್ಪ: ನಿಮ್ಮ ಸೈಟಿನಾಗೆ ಒಂದು ಹರಳು ಗಿಡ ಐತಲ್ರಿ, ಅದು ನಮ್ಮ ಅಳಿಯಗೆ ಬೇಕಾಗಿತ್ತು.

ನಾಗರಾಜಪ್ಪ: ಅದಕ್ಕೇನು, ಕಿತ್ಕೊಂಡು ಹೋಗ್ರಿ.

ಉಚ್ಚೆಂಗಪ್ಪ: ಕೀಳಂಗಿಲ್ಲ. ಮದ್ವೆ ಮಾಡ್ಬೇಕು.

ಮದ್ವೆನಾ ಎಂದು ನಾಗರಾಜಪ್ಪ ಎರಡು ಸಲ ಕೇಳಿದ. ಉಚ್ಚೆಂಗಪ್ಪ ಸುಳಿಯಿಂದ ಶುರುಮಾಡಿ ಎಲ್ಲವನ್ನೂ ವಿವರಿಸಿದ.

ನಾಗರಾಜಪ್ಪ: ನಿಮ್ಮ ಅಳಿಯಗೆ ಮದ್ವೆ ಆಗೈತಲ್ರಿ. ನಾನೇ ಬಂದು ಉಂಡು ಹೋಗೀನಿ.

ಉಚ್ಚೆಂಗಪ್ಪ: ಹೌದ್ರಿ. ಇದು ಎರಡ್ನೇದು.

ನಾಗರಾಜಪ್ಪ: ತಾಳಿ ಕಟ್ಟಿದ ಮ್ಯಾಲೆ ಗಿಡ ಎಲ್ಲಿರ್ತೈತೆ?

ಉಚ್ಚೆಂಗಪ್ಪ: ಎಲ್ಲಿಗೆ ಹೋಗ್ತೈತೆ, ಅಲ್ಲೇ ಇರ್ತೈತೆ.

ನಾಗರಾಜಪ್ಪ: ಅಂದ್ರೆ ನಿಮ್ಮ ಅಳಿಯನ ಹೆಂಡ್ತಿ ನನ್ನ ಸೈಟಿನಾಗೆ ಸಂಸಾರ ಹೂಡ್ತಾಳೆ. ನಾಳೆ ನಾನು ಪಾಯ ತೆಗೆಸಾಕೆ ಬಂದ್ರೆ, ಗರತಿನ ಮನೆ ಬಿಡಿಸ್ದ ಅಂತೀರಿ. ಕಾಯಿ ಒಡೆದು ಬೀಜ ಬಿದ್ದು ಹತ್ತು ಗಿಡ ಎದ್ರೆ, ಮಕ್ಕಳದಾವೆ, ಪಾಲು ಕೊಡು ಅಂತೀರಿ. ಬ್ಯಾಡ್ರಿ, ಈ ಸಂಬಂಧ ನಮಗೆ ಹೊಂದಲ್ಲ.

ಉಚ್ಚೆಂಗಪ್ಪ: ಒಳ್ಳೆ ಹುಡುಗ ರೀ.

ನಾಗರಾಜಪ್ಪ: ಏನು ಕೆಲ್ಸ?

ಉಚ್ಚೆಂಗಪ್ಪ: ಹರಿಹರದಾಗೆ ಮೋಟಾರ್ ರಿವೈಂಡಿಂಗ್. ಸ್ವಂತ ಅಂಗಡಿ.

ನಾಗರಾಜಪ್ಪ: ಮಳೆ ಬಂದ್ರೆ ರೈತರ ಪಂಪ್‌ಸೆಟ್ ಓಡಲ್ಲ, ಮೋಟಾರ್ ಸುಡಲ್ಲ, ಕೈ ಕಟ್ಕೊಂಡು ಕೂಡೋ ಕೆಲ್ಸ. ಮ್ಯಾಲೆ ಎರಡು ಸುಳಿ. ಆ ಕೂದ್ಲನ್ನೂ ನೋಡೀನಿ. ಮದ್ವೆ ಫೋಟೋದಾಗೆ ಹುಡುಗನ ಹಿಂದೆ ನಿಂತಿದ್ದೆ, ನನ್ನ ಮುಖನೇ ಬಂದಿಲ್ಲ. ನಮ್ಮ ಗಿಡ ಕೊಡಲ್ಲ ಉಚ್ಚೆಂಗಪ್ಪ.

ಮಣೆಯ ಮೇಲೆ ಕುಳಿತ ಅಶ್ವಥನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೇಡವೆಂದದ್ದು ಒಂದು ಹರಳು ಗಿಡದ ಕಡೆಯವರು. ಅವನು ಮಾವನ ಮುಖ ನೋಡಿದ. ಅದು ಕೆಂಪಗಾಗಿತ್ತು, ಆದರೆ ಈ ಸಲ ಸಿಟ್ಟು ಅಳಿಯನ ಮೇಲಲ್ಲ.

ಉಚ್ಚೆಂಗಪ್ಪ: ಏನ್ರಿ ಕಮ್ಮಿ ಆಗೈತೆ ನಮ್ಮ ಹುಡುಗಗೆ? ಕುಡಿಯಲ್ಲ, ಇಸ್ಪೀಟ್ ಆಡಲ್ಲ. ಹಲ್ಲು ನಾನೇ ನೋಡೀನಿ, ಒಂದೂ ಅಲ್ಲಾಡಲ್ಲ. ಬೆನ್ನು ತಟ್ಟಿದ್ರೆ ಕಲ್ಲು ತಟ್ಟಿದಂಗೆ ಐತೆ.

ನಾಗರಾಜಪ್ಪ: ಅದೆಲ್ಲಾ ಸರಿ, ಎರಡು ಸುಳಿ...

ಉಚ್ಚೆಂಗಪ್ಪ: ಇರ್ಲಿ. ಅಂಥಾ ತಲ್ಯಾಗೆ ಹತ್ತು ಸುಳಿ ಇದ್ರೂ ಒಪ್ತಾವೆ. ಇಂಥಾ ಹುಡುಗಗೆ ಚರಂಡಿ ಪಕ್ಕದ ಗಿಡ ಕೇಳಿದ್ದೇ ನನ್ನ ತಪ್ಪು. ನಾನು ಸಾಕಿದ ಮಗಳನ್ನೇ ಕೊಟ್ಟೀನಿ, ನಿಮ್ಮ ಗಿಡ ಯಾವ ಲೆಕ್ಕ? ಇಡ್ರಿ ಫೋನು.

ಫೋನು ಇಟ್ಟವನು ಹೆಂಡತಿಯ ಕಡೆ ತಿರುಗಿ, ಅಳಿಯಂದಿರನ್ನು ಹೀಗೆ ಎಣ್ಣೆಯಲ್ಲಿ ಕೂರಿಸಿ ಏನು ನೋಡುತ್ತಿದ್ದೀ, ನೀರು ಹಾಕು ಎಂದು ಗದರಿದ. ನಾಳೆ ಬೆಳಿಗ್ಗೆ ಮಗಳು ಹರಿಹರಕ್ಕೆ ಹೋಗಬೇಕು, ನಾಗರಾಜಪ್ಪನಂಥವರು ಕಣ್ಣು ತುಂಬ ನೋಡಬೇಕು ಎಂದೂ ಸೇರಿಸಿದ.

ಅಶ್ವಥ್: ಅತ್ತೆ, ಫೋಟೋದಾಗೆ ನನ್ನ ಕೂದ್ಲು ಅಷ್ಟು ಕೆಟ್ಟದಾಗಿ ಬಂದೈತಾ?

ಕೆಂಚಕ್ಕ: ಕಣ್ಣು ಮುಚ್ರಿ. ಸೀಗೆಪುಡಿ ಹೋಗ್ತೈತೆ.

ಸ್ನಾನವಾಯಿತು, ಬೇವುಬೆಲ್ಲವಾಯಿತು, ಹೋಳಿಗೆಯೂ ಆಯಿತು. ಮಧ್ಯಾಹ್ನದ ಬಿಸಿಲಿಗೆ ಕೂದಲು ಒಣಗಿದಾಗ ಅಶ್ವಥ್ ಕನ್ನಡಿಯ ಮುಂದೆ ನಿಂತು ಬೆರಗಾದ. ಸುರುಳಿಗಳು ಎಂದೂ ಇಲ್ಲದಷ್ಟು ಮೆತ್ತಗೆ, ಮಿರಿಮಿರಿ ಮಿಂಚುತ್ತ, ಒಂದಕ್ಕೊಂದು ಗಂಟು ಬೀಳದೆ ಬಿಡಿಬಿಡಿಯಾಗಿ ಎದ್ದು ನಿಂತಿದ್ದವು. ಸುಳಿಗಳ ಸುಳಿವೇ ಇರಲಿಲ್ಲ. ನಾಲ್ಕು ಹನಿಯ ಶಾಸ್ತ್ರವನ್ನು ಅವನು ಮನಸ್ಸಿನಲ್ಲೇ ಕೈಬಿಟ್ಟ. ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಒಂದು ಸೀಸೆ ಎಣ್ಣೆ ಸಿಗಬಹುದೇ ಎಂದಷ್ಟೇ ಅತ್ತೆಯನ್ನು ಕೇಳಿದ. ಅವಳು ದೊಡ್ಡ ಸೀಸೆಯನ್ನೇ ತುಂಬಿಸಿ, ಸೋರದಂತೆ ಬಟ್ಟೆ ಸುತ್ತಿ ಕೊಟ್ಟಳು.

ಮರುದಿನ ಉಚ್ಚೆಂಗಪ್ಪ ತಾನೇ ಬ್ಯಾಗುಗಳನ್ನು ಬೈಕಿಗೆ ಬಿಗಿದ. ಶಾಂತಲಾ ಹಿಂದೆ ಕುಳಿತು ಗಂಡನ ಹೆಗಲ ಮೇಲೆ ಕೈಯಿಟ್ಟಳು. ಗಾಡಿ ಹೊರಟು, ಗೋಡೆ ದಾಟಿ, ಖಾಲಿ ಸೈಟಿನ ಮುಂದೆ ಬರುತ್ತಲೇ ನಿಧಾನವಾಯಿತು. ಹೆಗಲ ಮೇಲಿದ್ದ ಕೈ ಕಿವಿಗೆ ಬಂತು.

ಶಾಂತಲಾ: ಆ ಕಡೆ ಏನು ನೋಡ್ತೀರಿ?

ಅಶ್ವಥ್: ನೋಡ್ತಿಲ್ಲ ಮಾರಾಯ್ತಿ. ರಸ್ತೆನಾಗೆ ಗುಂಡಿ ಐತೆ.

ಶಾಂತಲಾ: ಇಡೀ ಶಾಮನೂರಿನಾಗೆ ಅವಳ ಮನೆ ಮುಂದೇನೇ ಗುಂಡಿ ಬಂತಾ?